ಪಿಕರಿಂಗಿನಲ್ಲಿ ಒನ್ಸ್ ಮೋರ್

ನಮ್ಮ ಅತ್ತೆ ಮೊದಲ ಸಲ ಟೊರೊಂಟೊದಲ್ಲಿ ಇಳಿದಾಗ ಗಾಲಿಕುರ್ಚಿಯಲ್ಲಿ ಕೂತು ಬಂದರು. ಅವರ ಕಾಲಿಗೆ ಏನೂ ಆಗಿರಲಿಲ್ಲ. ಧಾರವಾಡದಲ್ಲಿ ದಿನಾ ಮಾರ್ಕೆಟ್ಟಿಗೆ ನಡೆದು ಹೋಗಿ, ಕಾಯಿಪಲ್ಲೆಯವಳ ಜೊತೆ ಒಂದು ಸುತ್ತು ಜಗಳಾಡಿ, ನಡೆದೇ ವಾಪಸು ಬರುವ ಹೆಂಗಸು. ಆದರೆ ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರನ್ನು ಒಬ್ಬರನ್ನೇ ವಿಮಾನ ಹತ್ತಿಸುವಾಗ ತೊಂಬತ್ತರ ದಶಕದ ನಾವೆಲ್ಲ ಮಾಡುತ್ತಿದ್ದ ಉಪಾಯ ಅದೊಂದೇ. ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿಬಿಟ್ಟರೆ ಆಯಿತು, ಅದನ್ನು ತಳ್ಳುವವರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕರೆದುಕೊಂಡು ಹೋಗುತ್ತಾರೆ, ಯಾರಿಗೂ ಏನೂ ಕೇಳಬೇಕಾಗಿಲ್ಲ. ಬೇರೆಯವರಿಗೆ ಕಾಲಿಗಾಗಿ ಬೇಕಾದ ಕುರ್ಚಿ ನಮ್ಮವರಿಗೆ ಭಾಷೆಗಾಗಿ ಬೇಕಾಗಿತ್ತು. ಅತ್ತೆಗೆ ಇದು ಭಾರಿ ಅವಮಾನ ಅನಿಸಿತ್ತು. ಹೊರಗೆ ಬಂದವರೇ ಕುರ್ಚಿಯಿಂದ ಎದ್ದು ನಿಂತು, ನಮ್ಮ ಯೋಗಕ್ಷೇಮ ಕೇಳುವ ಮೊದಲು ಮಗನನ್ನು ಬೈದರು.

ನಾನು ಮೈಸೂರಿನವಳು. ನಮ್ಮ ಕಡೆ ಮಾತು ಮೆತ್ತಗೆ, ಹಟ ಗಟ್ಟಿ. ಅವರ ಕಡೆ ಮಾತು ಗಟ್ಟಿ, ಮನಸ್ಸು ಮೆತ್ತಗೆ ಎಂದು ನನ್ನ ಗಂಡ ಹೇಳುತ್ತಿದ್ದರು. ಮದುವೆಯಾಗಿ ಹತ್ತು ವರ್ಷ ಕಳೆದರೂ ನನಗೆ ಅದರ ಮೊದಲ ಅರ್ಧ ಮಾತ್ರ ಅನುಭವಕ್ಕೆ ಬಂದಿತ್ತು. ನಾನು ಸಾರಿಗೆ ಬೆಲ್ಲ ಹಾಕುವುದು ಅವರಿಗೆ ಹಿಡಿಸದು, ಅವರು ಎಲ್ಲಕ್ಕೂ ಶೇಂಗಾ ಪುಡಿ ಹಾಕುವುದು ನನಗೆ ಹಿಡಿಸದು. ಆದರೆ ಮಾವನವರನ್ನು ಧಾರವಾಡದಲ್ಲೇ ಬಿಟ್ಟು ಅತ್ತೆ ಅಷ್ಟು ದೂರ ಬಂದದ್ದು ನನ್ನ ಸಾರು ಉಣ್ಣಲು ಅಲ್ಲ. ಟೊರೊಂಟೊ ಪಕ್ಕದ ನಮ್ಮ ಊರು ಪಿಕರಿಂಗಿನಲ್ಲಿ ಹುಟ್ಟಿ ಬೆಳೆದ, ಆಗ ಎಂಟು ವರ್ಷದವಳಾಗಿದ್ದ ಮೊಮ್ಮಗಳ ಜೊತೆ ಆರು ತಿಂಗಳು ಕಳೆಯಲು.

ಮೊಮ್ಮಗಳಿಗೋ ಕನ್ನಡ ಎಲ್ಲ ತಿಳಿಯುತ್ತಿತ್ತು, ಆದರೆ ಒಂದು ಅಕ್ಷರ ಆಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಜ್ಜಿ ಕೇಳಿದರೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಉತ್ತರ. ನಾನು ನಡುವೆ ನಿಂತು ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ದಾಟಿಸಬೇಕು. ಹೀಗೆ ಎರಡು ವಾರ ಕಳೆದ ಮೇಲೆ ಅತ್ತೆ ಒಂದು ಸಂಜೆ ಊಟದ ಟೇಬಲ್ಲಿನಲ್ಲಿ ಮಗನಿಗೆ ಹೇಳಿಬಿಟ್ಟರು.

"ಗ್ವಾಡಿ ಜೋಡಿ ಮಾತಾಡ್ಲಿಕ್ಕೆ ಇಷ್ಟ ದೂರ ಯಾಕ ಬರಬೇಕಿತ್ತು? ನಮ್ಮ ಮನ್ಯಾಗೂ ಗ್ವಾಡಿ ಅವ. ಸಂಕ್ರಮಣದ ತನಕ ನೋಡ್ತೀನಿ. ಕೂಸು ನನ್ನ ಜೋಡಿ ಮಾತಾಡಿದ್ರ ಇರ್ತೀನಿ. ಇಲ್ಲಾಂದ್ರ ಟಿಕೀಟ ಮುಂಚೆ ಮಾಡ್ಸಿಬಿಡು. ಮತ್ತ ಬಾ ಅಂತ ಕರೀಲಿಕ್ಕೂ ಹೋಗಬ್ಯಾಡ."

ನನ್ನ ಗಂಡ ಚಪಾತಿ ಹರಿಯುತ್ತ ತಲೆ ಬಗ್ಗಿಸಿದರು. ಅತ್ತೆ ಸುಮ್ಮನೆ ಬೆದರಿಸುವವರಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಮಗಳು ಕಾರ್ಟೂನು ಹುಡುಕುತ್ತ ರಿಮೋಟು ಒತ್ತುತ್ತಿದ್ದಳು. ನಡುವೆ ಒಂದು ಚಾನೆಲಿನಲ್ಲಿ ಅಮೆರಿಕದ ಹಳೆಯ ಕಪ್ಪು ಬಿಳುಪು ಸಿನಿಮಾ ಬರುತ್ತಿತ್ತು. ಯಾರದೋ ಮದುವೆ, ಜನ ತುಂಬಿದ ಸಭಾಂಗಣ, ಬಾಗಿಲು ತೆರೆದು ಒಬ್ಬ ಉದ್ದನೆಯ ಸಣಕಲ ಮನುಷ್ಯ ಕೈಯಲ್ಲಿ ಟೋಪಿ ಹಿಡಿದು ನಿಂತ. ಅವರೆಕಾಳು ಬಿಡಿಸುತ್ತ ಕೂತಿದ್ದ ಅತ್ತೆ ತಲೆ ಎತ್ತಿದರು.

"ತಡಿ, ಬದಲಿಸಬ್ಯಾಡ. ಇವನ ಎಂಟ್ರಿ ನೋಡು. ಬಾಗಲದಾಗ ನಿಂತಾನ, ಒಳಗ ಬರವಲ್ಲ. ಎಲ್ಲಾರೂ ತನ್ನ ಕಡೆ ನೋಡೂತನಾ ಕಾಯ್ತಾನ. ಇವಗ ಯಾರೋ ಛಲೋ ಕಲಿಸ್ಯಾರ."

ಅತ್ತೆಯ ತವರುಮನೆ ಇದ್ದದ್ದು ಹುಬ್ಬಳ್ಳಿಯಲ್ಲಿ, ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತಿದ್ದ ಬಯಲಿನ ಪಕ್ಕದಲ್ಲೇ. ಕಂಪನಿ ಬಂದರೆ ನಟರು ಇವರ ಮನೆಗೆ ಮಜ್ಜಿಗೆ ಕುಡಿಯಲು ಬರುತ್ತಿದ್ದರಂತೆ. ಆ ಮಜ್ಜಿಗೆಯ ಋಣಕ್ಕೆ ಹುಡುಗಿಯಾಗಿದ್ದ ಅತ್ತೆಗೆ ಪರದೆಯ ಪಕ್ಕದಲ್ಲಿ ಕೂತು ನಾಟಕ ನೋಡಲು ಬಿಡುತ್ತಿದ್ದರು. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ಈ ಹೆಂಗಸು ಇಷ್ಟು ದೂರ ಬಂದು ಗೊತ್ತಿಲ್ಲದ ಭಾಷೆಯ ನಟನನ್ನು ಮೆಚ್ಚಿದ್ದು ನನಗೆ ತಮಾಷೆ ಅನಿಸಿತು. ಅವನು ಚಿಕ್ಕಂದಿನಲ್ಲಿ ತಮಗೆ ಲೆಕ್ಕ ಹೇಳಿಕೊಟ್ಟ ಮಾಸ್ತರರ ಹಾಗೇ ಇದ್ದಾನೆಂದು ಅವರು ಅವನಿಗೆ ಅಲ್ಲೇ ಮಾಸ್ತರ ಎಂದು ಹೆಸರಿಟ್ಟರು. ನಮ್ಮ ಮನೆಯಲ್ಲಿ ಅವನ ನಿಜವಾದ ಹೆಸರನ್ನು ಆಮೇಲೆ ಯಾರೂ ಹೇಳಲೇ ಇಲ್ಲ.

ಅತ್ತೆಗೆ ಮಾತು ತಿಳಿಯದು. ಆದರೆ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಮಾಸ್ತರ ರೈಲು ನಿಲ್ದಾಣದಲ್ಲಿ ಒಬ್ಬ ಹುಡುಗಿಯ ಎದುರು ನಿಂತು ಏನೋ ಕೇಳಿದ. ಅತ್ತೆ ಅವರೆಕಾಳು ಬದಿಗಿಟ್ಟು, ಕಂಪನಿ ಧಾಟಿಯಲ್ಲಿ ಅವನ ಮಾತನ್ನು ತಾವೇ ಆಡತೊಡಗಿದರು.

"ಎಲೌ ಸುಂದರಿ, ನಿಮ್ಮಪ್ಪ ನನಗ ಒಂದ ಗಡಿಯಾರನೂ ಕೊಡವಲ್ಲ, ನಾ ಹ್ಯಾಂಗ ನಿನ್ನ ಮದಿವಿ ಆಗಲಿ?"

ಮಗಳು ಸೋಫಾದಲ್ಲಿ ಎದ್ದು ಕೂತಳು. "ಅಜ್ಜಿ, ದಟ್ಸ್ ನಾಟ್ ವಾಟ್ ಹಿ ಸೆಡ್."

"ನಂಗ ಇಂಗ್ಲಿಷ್ ತಿಳಿಯೂದಿಲ್ಲವಾ. ನಾ ಅಂದದ್ದ ಖರೆ."

"ನೋ. ಹಿ ಈಸ್ ಆಸ್ಕಿಂಗ್..." ಎಂದು ಶುರುಮಾಡಿ ಅವಳು ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಆಮೇಲೆ ಮಗಳ ದನಿ ಬಂತು. "ಟ್ರೇನು... ಟ್ರೇನು ಎಷ್ಟು ಗಂಟೆ, ಅಂತ."

"ಹೌದೇನು? ಟ್ರೇನ್ ಕೇಳ್ಲಿಕ್ಕೆ ಇಷ್ಟ ಮುಖ ಸಣ್ಣ ಮಾಡಬೇಕೇನು?" ಎಂದರು ಅತ್ತೆ. ನಲ್ಲಿ ನಿಲ್ಲಿಸುವುದೂ ಮರೆತು ನಾನು ಅಲ್ಲೇ ನಿಂತಿದ್ದೆ.

ಅಂದಿನಿಂದ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಇದೇ ಕಾರುಬಾರು. ಅತ್ತೆ ಮಾಸ್ತರನ ಬಾಯಿಗೆ ಇಲ್ಲಸಲ್ಲದ ಮಾತು ಹಾಕುವುದು, ಮಗಳು ಸಿಟ್ಟಾಗಿ ತಿದ್ದುವುದು. ನ್ಯಾಯಾಧೀಶನ ಎದುರು ಬಡವನ ಪರ ವಾದಿಸುವ ವಕೀಲ ಮಾಸ್ತರನ ಕೈಯಲ್ಲಿ ಅತ್ತೆ ಸಾಲಿಗ್ರಾಮ ಕದ್ದವರ ಹೆಸರು ಹೇಳಿಸಿದರು. ಹಡಗಿನ ಕಪ್ತಾನ ಮಾಸ್ತರ ಬಿರುಗಾಳಿಯಲ್ಲಿ ಶೇಂಗಾ ಹೋಳಿಗೆ ಕೇಳಿದ. ಇಷ್ಟು ಸುಳ್ಳನ್ನು ಸಹಿಸಲು ಮಗಳಿಗೆ ಆಗುತ್ತಿರಲಿಲ್ಲ. ತಿದ್ದಬೇಕೆಂದರೆ ಅಜ್ಜಿಗೆ ತಿಳಿಯುವ ಭಾಷೆಯಲ್ಲೇ ತಿದ್ದಬೇಕು. ಅತ್ತೆಗೆ ನಿಜಕ್ಕೂ ಏನೂ ತಿಳಿಯುತ್ತಿರಲಿಲ್ಲವೋ, ಗಾಳ ಹಾಕಿ ಕೂತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಹೇಳುವವರೂ ಅಲ್ಲ.

ಸಂಕ್ರಮಣ ಬಂತು, ಎಳ್ಳುಬೆಲ್ಲ ಹಂಚಿದ್ದಾಯಿತು, ಟಿಕೆಟ್ಟಿನ ಮಾತು ಬರಲಿಲ್ಲ. ನಾವೂ ನೆನಪಿಸಲಿಲ್ಲ.

ಆ ಹೊತ್ತಿಗೆ ಇಬ್ಬರೂ ಸಿನಿಮಾಗಳನ್ನು ವಿಸಿಆರಿನಲ್ಲಿ ರೆಕಾರ್ಡು ಮಾಡಿಕೊಳ್ಳಲು ಶುರುಮಾಡಿದ್ದರು. ಒಂದು ಸಿನಿಮಾದಲ್ಲಿ ಮಾಸ್ತರ ಒಂದು ಸಣ್ಣ ಊರಿನ ಪೊಲೀಸು ಅಧಿಕಾರಿ. ದನಗಳ್ಳರು ಬರುತ್ತಾರೆಂದು ಊರವರೆಲ್ಲ ಬಾಗಿಲು ಹಾಕಿಕೊಂಡರೂ ತಾನೊಬ್ಬನೇ ಬೀದಿಯಲ್ಲಿ ನಿಂತು, ಕೊನೆಗೆ ಗುಂಡು ತಗುಲಿ ಬೀಳುತ್ತಾನೆ. ಬೀಳುವುದೆಂದರೆ ಅವನು ತಟ್ಟನೆ ಬೀಳಲಿಲ್ಲ. ಮೊದಲು ಟೋಪಿ ಸರಿಮಾಡಿಕೊಂಡ, ಕಂಬ ಹಿಡಿದ, ನಿಧಾನವಾಗಿ ಕೂತ, ಕೂತಲ್ಲೇ ಹೋದ. ಅತ್ತೆ ಚಪ್ಪಾಳೆ ತಟ್ಟಿ ಕೂಗಿದರು, "ಒನ್ಸ್ ಮೋರ್."

ಮಗಳು ಬೆರಗಾದಳು. ಅಜ್ಜಿಗೆ ಇಂಗ್ಲಿಷ್ ಬರುವುದೇ ಎಂದು ನನ್ನನ್ನು ಕೇಳಿದಳು. ಅದು ಇಂಗ್ಲಿಷ್ ಅಲ್ಲ, ಕಂಪನಿ ನಾಟಕದ ಮಾತು ಎಂದು ಅತ್ತೆ ಬಿಡಿಸಿ ಹೇಳಿದರು. ಹಾಡು ಚೆನ್ನಾಗಿದ್ದರೆ ಜನ ಒನ್ಸ್ ಮೋರ್ ಕೂಗುತ್ತಾರೆ, ನಟ ಮತ್ತೆ ಹಾಡಬೇಕು. ಸಾಯುತ್ತ ಹಾಡಿದ ಹಾಡಾದರೆ ಸತ್ತವನೂ ಎದ್ದು, ಮೈ ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯಬೇಕು. ತಾವು ನೋಡಿದ ಒಬ್ಬ ರಾಜ ಹಾಗೆ ಮೂರು ಸಲ ಸತ್ತಿದ್ದನಂತೆ.

"ಮೂರು ಸಲ ಯಾಕೆ?" ಎಂದಳು ಮಗಳು.

"ಮೊದಲನೇದು ಹಾಡಿಗೆ. ಎರಡನೇದು ಹಾಡಿದವಗ. ಮೂರನೇದು ಇಬ್ಬರಿಗೂ ಅಲ್ಲ. ಮನೀಗೆ ಹೋಗ್ಲಿಕ್ಕೆ ಮನಸಿಲ್ಲದವರು ಕೂಗ್ತಾರ ಅದನ್ನ."

ಮಗಳು ರಿಮೋಟು ತೆಗೆದುಕೊಂಡು ಟೇಪು ಹಿಂದಕ್ಕೆ ಓಡಿಸಿದಳು. ಮಾಸ್ತರ ಹಿಂದುಮುಂದಾಗಿ ಎದ್ದು ನಿಂತ, ಟೋಪಿ ಸರಿಮಾಡಿಕೊಂಡ, ಮತ್ತೆ ಗುಂಡು ತಿಂದ. ಅತ್ತೆಗೆ ಖುಷಿಯೋ ಖುಷಿ. ಆ ಮಧ್ಯಾಹ್ನ ಅವನು ಎಷ್ಟು ಸಲ ಸತ್ತನೋ ದೇವರೇ ಬಲ್ಲ. ನಾನು ಎರಡು ಸಲ ಬೈದು, ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಹೋದೆ.

ಆಮೇಲೆ ಮಗಳು ಊರಿನ ಲೈಬ್ರರಿಯಿಂದ ಮಾಸ್ತರನ ಜೀವನಚರಿತ್ರೆ ತಂದಳು. ದೊಡ್ಡವರ ಪುಸ್ತಕ, ಫೋಟೋಗಳಿದ್ದವು ಎಂದು ಆರಿಸಿದ್ದಳು. ಸ್ಕೂಲಿನಿಂದ ಬಂದು ಹಾಲು ಕುಡಿಯುತ್ತ ಸ್ವಲ್ಪ ಸ್ವಲ್ಪ ಓದಿ, ಅಜ್ಜಿಗೆ ಒಡೆದ ಕನ್ನಡದಲ್ಲಿ ಹೇಳುತ್ತಿದ್ದಳು. ತಿಳಿಯದ ಮಾತಿದ್ದರೆ ನನ್ನನ್ನು ಕೇಳುತ್ತಿದ್ದಳು. ಹೀಗೆ ಅವನ ಬದುಕು ನಮ್ಮ ಅಡುಗೆಮನೆಯಲ್ಲಿ ದಿನಕ್ಕಿಷ್ಟು ಎಂದು ಬಿಚ್ಚಿಕೊಂಡಿತು. ಅಪ್ಪನದು ಯಾವುದೋ ಸಣ್ಣ ಊರಿನಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ. ಮಗ ಅಂಗಡಿಯಲ್ಲಿ ಕೂರಲಿಲ್ಲ. ಊರೂರಿಗೆ ಡೇರೆ ಹೊತ್ತು ತಿರುಗುವ ನಾಟಕದ ತಂಡವೊಂದು ಬಂದಾಗ ಅದರ ಹಿಂದೆ ಹೋದ. ಇಷ್ಟು ಕೇಳಿದ್ದೇ ಅತ್ತೆ ಸೌಟು ಕೆಳಗಿಟ್ಟರು.

"ಡೇರೆ? ಖರೇನ ಡೇರೆ ಅಂತ ಬರದಾರೇನು?"

ಮಗಳು ಫೋಟೋ ತೋರಿಸಿದಳು. ಬಯಲಿನಲ್ಲಿ ದೊಡ್ಡ ಡೇರೆ, ಮುಂದೆ ಟಿಕೆಟ್ಟಿನ ಕಿಟಕಿ, ಕಿಟಕಿಯಲ್ಲಿ ಮೀಸೆ ಮೂಡದ ಮಾಸ್ತರ. ಅವನು ಟಿಕೆಟ್ ಮಾರಿದ, ಪರದೆಗೆ ಬಣ್ಣ ಹಚ್ಚಿದ, ಇಪ್ಪತ್ತರ ವಯಸ್ಸಿಗೇ ತಲೆಗೆ ಹಿಟ್ಟು ಬಡಿದುಕೊಂಡು ಮುದುಕರ ಪಾತ್ರ ಮಾಡಿದ.

"ನಾ ಹೇಳಿದ್ದೆ ಇಲ್ಲೋ? ಇಂವ ಕಂಪನಿಯವನ," ಎಂದರು ಅತ್ತೆ. ಬೀಗರು ಸಿಕ್ಕಷ್ಟು ಸಂತೋಷ ಅವರಿಗೆ.

ಮಾತಾಡುವ ಸಿನಿಮಾ ಬಂದಾಗ ಹಾಲಿವುಡ್ಡಿಗೆ ಒಳ್ಳೆಯ ದನಿಯವರು ಬೇಕಾದರು, ಹಾಗೆ ಇವನಿಗೂ ಕರೆ ಬಂತು. ಸ್ಟುಡಿಯೋದಲ್ಲಿ ತಿಂಗಳ ಸಂಬಳದ ನಟ, ಅವರು ಕೊಟ್ಟ ಪಾತ್ರ ಮಾಡಬೇಕು. ಹಲ್ಲು ಸರಿಮಾಡಿಸಿದರು, ನಡಿಗೆ ತಿದ್ದಿದರು, ಇದ್ದ ಹೆಸರು ಪರದೆಗೆ ಒಪ್ಪುವುದಿಲ್ಲವೆಂದು ಬೇರೆ ಹೆಸರು ಕೊಟ್ಟರು. ಇಲ್ಲಿಗೆ ಬಂದಾಗ ಮಗಳು ನಿಲ್ಲಿಸಿದಳು. ಅವಳಿಗೆ ಇದು ಅನ್ಯಾಯವಾಗಿ ಕಂಡಿತು.

"ಅದರಾಗೇನದ," ಎಂದರು ಅತ್ತೆ. "ನಂದೂ ಬದಲಿಸಿದ್ರು. ಮದಿವ್ಯಾಗ, ಅಕ್ಕಿಯೊಳಗ ಉಂಗುರದಿಂದ ಬರದು."

"ನಿನ್ನ ಫಸ್ಟ್ ಹೆಸರು ಏನು ಅಜ್ಜಿ?"

ಅತ್ತೆ ಒಲೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಸಾರು ತಿರುವಿದರು. ಆಮೇಲೆ ಹೇಳಿದರು. ಚಿಕ್ಕ ಹೆಸರು, ಹುಡುಗಿಯರಿಗೆ ಇಡುವಂಥದು. ಸಂಜೆ ಮನೆಗೆ ಬಂದ ಗಂಡನಿಗೆ ಹೇಳಿದೆ. ಅವರು ಕೋಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟರು, ಹೆತ್ತ ಮಗನಿಗೂ ಆ ಹೆಸರು ಗೊತ್ತಿರಲಿಲ್ಲ. ಮಗಳು ಮಾತ್ರ ಮರುದಿನದಿಂದಲೇ ಮಹಡಿಯಿಂದ ಅದೇ ಹೆಸರು ಹಿಡಿದು ಕೂಗತೊಡಗಿದಳು. ಅಜ್ಜಿಯನ್ನು ಹೆಸರು ಹಿಡಿದು ಕರೆಯುತ್ತಾರೇನೇ ಎಂದು ನಾನು ಗದರಿದರೆ, ಅತ್ತೆ ಕೆಳಗಿನಿಂದ "ಓ" ಎಂದು ಓಗೊಟ್ಟು ನನ್ನನ್ನೇ ಸುಮ್ಮನಿರಿಸಿದರು.

ಪುಸ್ತಕ ಮುಂದೆ ಹೋಯಿತು. ಮಾಸ್ತರ ಯುದ್ಧಕ್ಕೆ ಹೋದ, ಕೂದಲು ಬೆಳ್ಳಗಾಗಿ ಬಂದ. ನಾಲ್ಕಾರು ಸಿನಿಮಾ ನೆಲಕಚ್ಚಿದವು. ಒಮ್ಮೆ ಕೆಟ್ಟವನ ಪಾತ್ರ ಮಾಡಿದಾಗ ಜನ ಸಿಟ್ಟಾದರು. ವಯಸ್ಸಾದ ಮೇಲೆ ಅಜ್ಜನ ಪಾತ್ರಗಳು ಬಂದವು, ಅದಕ್ಕೆ ಹಿಟ್ಟು ಬಡಿದುಕೊಳ್ಳುವ ಕೆಲಸವಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಅವನು ಇನ್ನೂ ಬದುಕಿದ್ದ, ತೋಟದಲ್ಲಿ ಟೊಮೆಟೊ ಬೆಳೆಯುತ್ತಿದ್ದ. ವಿಳಾಸ ಸಿಕ್ಕಿದ್ದರೆ ಶೇಂಗಾ ಚಟ್ನಿ ಕಳಿಸಬಹುದಿತ್ತು ಎಂದರು ಅತ್ತೆ.

ಫೆಬ್ರವರಿಯ ಒಂದು ಸಂಜೆ ಟಿವಿಯ ಸುದ್ದಿಯಲ್ಲಿ ಅವನ ಮುಖ ಬಂತು. ಮಗಳು ಒಂದು ಕ್ಷಣ ಕೇಳಿಸಿಕೊಂಡು ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಮಾಸ್ತರ ಸತ್ತ."

"ಯಾವ ಸಿನಿಮಾದಾಗ?"

"ಸಿನಿಮಾ ಅಲ್ಲ. ಖರೇನ."

ಅತ್ತೆ ಎದ್ದು ಸ್ನಾನಕ್ಕೆ ಹೋದರು, ಹತ್ತಿರದವರು ತೀರಿಕೊಂಡ ಸುದ್ದಿ ಕೇಳಿದಾಗ ಮಾಡುವ ತಲೆಸ್ನಾನ. ಅವರು ಹೊರಗೆ ಬಂದ ಮೇಲೆ ಮಗಳೂ ಟವೆಲು ಹಿಡಿದು ಒಳಗೆ ಹೋದಳು. ಪಾತ್ರೆ ತೊಳೆಯಲು ಬಿಸಿನೀರು ಉಳಿಯಲಿಲ್ಲ ಎಂದು ನಾನು ಗೊಣಗಿದೆ. "ನಮಗೂ ಅವನಿಗೂ ಏನು ಸಂಬಂಧ ಅವ್ವಾ?" ಎಂದು ಗಂಡ ಕೇಳಿದರು.

"ಕಂಪನಿ ಸಂಬಂಧ," ಎಂದರು ಅತ್ತೆ, ಕೂದಲು ಒರೆಸಿಕೊಳ್ಳುತ್ತ.

ಆ ವಾರ ಚಾನೆಲಿನಲ್ಲಿ ದಿನಕ್ಕೊಂದು ಅವನ ಸಿನಿಮಾ ಹಾಕಿದರು. ಹುಡುಗನಾಗಿ ಬಂದ, ಕಪ್ತಾನನಾಗಿ ಬಂದ, ಅಜ್ಜನಾಗಿ ಬಂದ. "ಸತ್ತ ಮ್ಯಾಲೆ ಒಂದ ವಾರ ಒನ್ಸ್ ಮೋರ್ ಸಿಕ್ತು ನೋಡು ಅವಗ," ಎಂದರು ಅತ್ತೆ. ಎಲ್ಲ ಮುಗಿದ ಮೇಲೆ ಒಂದು ಅಪ್ಪಣೆ ಹೊರಡಿಸಿದರು. ಅವನ ಹೆಸರಿನಲ್ಲಿ ನಾವೊಂದು ಪ್ರಯೋಗ ಆಡಬೇಕು.

ನಮ್ಮ ಕನ್ನಡ ಬಳಗದ ಯುಗಾದಿ ಕಾರ್ಯಕ್ರಮ ಪಕ್ಕದ ಸ್ಕಾರ್ಬರೋದ ಒಂದು ಶಾಲೆಯ ಹಾಲಿನಲ್ಲಿ ನಡೆಯುತ್ತಿತ್ತು. ಅದರಲ್ಲಿ ಹತ್ತು ನಿಮಿಷ ಬೇಡಿಕೊಂಡೆವು. ದನಗಳ್ಳರ ಸಿನಿಮಾವನ್ನು ಅತ್ತೆ ಕಂಪನಿ ನಾಟಕ ಮಾಡಿದರು. ಮಾಸ್ತರ ನನ್ನ ಮಗಳು, ತಲೆಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಟೋಪಿ, ಕಿವಿಯ ತನಕ ಇಳಿಯುತ್ತಿತ್ತು. ದನಗಳ್ಳ ನನ್ನ ಗಂಡ. ಬಾಳಿನಲ್ಲಿ ಒಂದು ಸೊಳ್ಳೆಯನ್ನೂ ಗದರದ ಮನುಷ್ಯನಿಗೆ ಅತ್ತೆ ಗಹಗಹಿಸಿ ನಗುವುದನ್ನು ಕಲಿಸಲು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಪಕ್ಕದಲ್ಲಿ ನಿಂತು ಬಲೂನು ಒಡೆದು ಗುಂಡಿನ ಸದ್ದು ಮಾಡುವ ಕೆಲಸ ನನ್ನದು. ಮಗಳು ಮಾತುಗಳನ್ನು ಬಾಯಿಪಾಠ ಮಾಡಿದ್ದಳು. ಮನೆಯಲ್ಲಿ ಅಜ್ಜಿಯ ಜೊತೆ ಎಷ್ಟೇ ಹರಟಿದರೂ ಹೊರಗಿನವರ ಎದುರು ಅವಳು ಕನ್ನಡದಲ್ಲಿ ಬಾಯಿ ಬಿಟ್ಟಿರಲಿಲ್ಲ. ಬಿಡುವಳೋ ಇಲ್ಲವೋ ಎಂಬ ಹೆದರಿಕೆ ನನಗೆ. ಅತ್ತೆ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕಂಪನಿ ಮಾಲೀಕರ ಗತ್ತಿನಲ್ಲಿ ಕೂತಿದ್ದರು.

ಮಗಳು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಸಭೆಯೆಲ್ಲ ಅವಳ ಕಡೆ ನೋಡುವ ತನಕ ಕಾದಳು, ಆಮೇಲೆ ಬಂದಳು. "ಎಲೈ ದುರುಳನೇ, ಈ ಊರಿನ ಒಂದು ಕರುವನ್ನೂ ನೀನು ಮುಟ್ಟಲಾರೆ" ಎಂದಳು. ಗಂಡ ನಕ್ಕರು, ಕೆಮ್ಮಿದ ಹಾಗಿತ್ತು. ಪಿಸ್ತೂಲು ಎತ್ತಿದರು. ನಾನು ಬಲೂನಿಗೆ ಪಿನ್ನು ಚುಚ್ಚಬೇಕು, ಪಿನ್ನು ಕೈಜಾರಿ ಪರದೆಯ ಕೆಳಗೆಲ್ಲೋ ಹೋಯಿತು. ಗಂಡ ಪಿಸ್ತೂಲು ಹಿಡಿದು ನಿಂತೇ ಇದ್ದಾರೆ. ಮಗಳು ಸಾಯಲು ತಯಾರಾಗಿ ಕಾಯುತ್ತಿದ್ದಾಳೆ. ಹಾಲಿನಲ್ಲಿ ಯಾರೋ ಕುರ್ಚಿ ಎಳೆದರು. ನಾನು ನೆಲ ತಡವುತ್ತ ದೇವರನ್ನು ನೆನೆದೆ. ಬಾಯಿಪಾಠದಲ್ಲಿ ಇದಕ್ಕೆ ಮಾತೇ ಇರಲಿಲ್ಲ.

ಮಗಳು ಟೋಪಿ ಮೇಲೆತ್ತಿ ಅಪ್ಪನನ್ನು ನೋಡಿದಳು.

"ಯಾಕ ನಿಂತೀ? ಲಗೂನ ಹೊಡಿ. ನಂಗ ಇನ್ನೂ ಸಾಯೂದದ."

ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು. ಅದು ಅತ್ತೆ ಬರೆದ ಮಾತಲ್ಲ, ಯಾರೂ ಹೇಳಿಕೊಟ್ಟ ಮಾತಲ್ಲ. ನನ್ನ ಮಗಳು ತಾನಾಗಿ ಆಡಿದ ಕನ್ನಡ, ಅದೂ ಅಪ್ಪಟ ಧಾರವಾಡದ ಕನ್ನಡ. ಎಂಟು ವರ್ಷ ನಾನು ಕಲಿಸಲು ಒದ್ದಾಡಿದ ಮೈಸೂರಿನ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಸಿಟ್ಟು ಬರಬೇಕಿತ್ತು, ಅಳು ಬಂತು. ಬಲೂನನ್ನು ಉಗುರಿನಿಂದಲೇ ಒಡೆದೆ.

ಅವಳು ಮಾಸ್ತರನಂತೆಯೇ ಟೋಪಿ ಸರಿಮಾಡಿಕೊಂಡು, ಕಂಬವಿಲ್ಲದ್ದಕ್ಕೆ ಅಪ್ಪನನ್ನೇ ಹಿಡಿದು, ನಿಧಾನವಾಗಿ ಕೂತು ಸತ್ತಳು. ಮುಂದಿನ ಸಾಲಿನಿಂದ ಅತ್ತೆಯ ದನಿ ಎದ್ದಿತು, "ಒನ್ಸ್ ಮೋರ್." ಮಗಳು ಎದ್ದು ಪ್ಯಾಂಟು ಕೊಡವಿಕೊಂಡು ಮತ್ತೆ ಸತ್ತಳು. ಆಮೇಲೆ ಹುಬ್ಬಳ್ಳಿ, ಬೆಳಗಾವಿ ಕಡೆಯವರೆಲ್ಲ ಕೂಗಿದರು, ಅವರನ್ನು ನೋಡಿ ಬೆಂಗಳೂರಿನವರೂ ಕೂಗಿದರು.

ಏಪ್ರಿಲಿನಲ್ಲಿ ಅತ್ತೆಯ ಆರು ತಿಂಗಳು ಮುಗಿಯಿತು. ಮುಂದಿನ ವರ್ಷಗಳಲ್ಲಿ ಅವರು ಮತ್ತೆ ಬಂದರು, ಎರಡು ಸಾವಿರದ ಇಸವಿ ದಾಟಿದ ಮೇಲೂ ಬಂದರು. ಪ್ರತಿ ಸಲ ಹೊರಟಾಗಲೂ ವಿಮಾನ ನಿಲ್ದಾಣಕ್ಕೆ ಹೋಗಿದ್ದೇವೆ. ಆದರೆ ನನ್ನ ಕಣ್ಣಲ್ಲಿ ನಿಂತದ್ದು ಆ ಮೊದಲ ಸಲ ಅವರನ್ನು ಕಳಿಸಿದ್ದು.

ಗಾಲಿಕುರ್ಚಿ ಬಂತು. ತಳ್ಳುವವರು ನಡುವಯಸ್ಸಿನ ಪಂಜಾಬಿ ಸರ್ದಾರರು. ಅತ್ತೆ ಮುಖ ಸಿಂಡರಿಸಿಕೊಂಡು ಕೂತರು. ಮಗನ ತಲೆ ಸವರಿದರು, ಮೊಮ್ಮಗಳ ಕೆನ್ನೆಗೆ ಮುತ್ತು ಕೊಟ್ಟರು. ನನಗೆ ಕುಂಕುಮ ಹಚ್ಚಿ, ಸಾರಿಗೆ ಬೆಲ್ಲ ಕಡಿಮೆ ಹಾಕು ಎಂದರು. "ಬರ್ತೀನಿ" ಎಂದರು. ಕುರ್ಚಿ ತಪಾಸಣೆಯ ಬಾಗಿಲ ಕಡೆ ಹೊರಟಿತು. ಇನ್ನೇನು ಒಳಗೆ ಹೋಗಬೇಕು, ಮಗಳು ಕೂಗಿದಳು.

"ಅಜ್ಜೀ, ಒನ್ಸ್ ಮೋರ್."

ಅತ್ತೆ ಕೈ ಎತ್ತಿದರು. ಸರ್ದಾರರಿಗೆ ಏನೆಂದು ತಿಳಿಯಲಿಲ್ಲ, ಆದರೂ ಕುರ್ಚಿ ತಿರುಗಿಸಿದರು. ಅತ್ತೆ ವಾಪಸು ಬಂದು ಮೊದಲಿನಿಂದ ಎಲ್ಲ ಮಾಡಿದರು, ತಲೆ ಸವರಿದ್ದು, ಮುತ್ತು, ಕುಂಕುಮ, ಬೆಲ್ಲದ ಬುದ್ಧಿಮಾತು, "ಬರ್ತೀನಿ". ಒಂದು ಮಾತೂ ಹೆಚ್ಚುಕಮ್ಮಿ ಇಲ್ಲ. ಮಗಳು ನಗುತ್ತ ಅಳುತ್ತ ಎರಡನೆಯ ಸಲ ಕೂಗಿದಳು. ಈ ಸಲ ಸರ್ದಾರರು ಯಾರೂ ಹೇಳುವ ಮೊದಲೇ ಕುರ್ಚಿ ತಿರುಗಿಸಿಕೊಂಡು ಬಂದರು. ಮತ್ತೆ ಅದೇ ಆಟ ಆಯಿತು. ಹಿಂದೆ ಸಾಲು ಬೆಳೆಯುತ್ತಿತ್ತು, ಗಂಡ ಗಡಿಯಾರ ನೋಡಿದರು, ಮಗಳೂ ಸಾಕೆಂದು ಕೂಗುವುದನ್ನು ನಿಲ್ಲಿಸಿದಳು. ಕುರ್ಚಿ ದೂರ ಹೋಯಿತು. ಅತ್ತೆಯ ತುರುಬಿನ ಹೂವಷ್ಟೇ ಕಾಣುತ್ತಿತ್ತು.

"ಒನ್ಸ್ ಮೋರ್" ಎಂದು ಯಾರೋ ಕೂಗಿದರು. ಮಗಳೂ ಗಂಡನೂ ನನ್ನ ಕಡೆ ತಿರುಗಿ ನೋಡಿದಾಗಲೇ ಗೊತ್ತಾದದ್ದು, ಕೂಗಿದವಳು ನಾನು.

ಕುರ್ಚಿ ನಿಂತಿತು. ಅತ್ತೆ ಅದನ್ನು ತಿರುಗಿಸಲು ಬಿಡಲಿಲ್ಲ. ತಾವೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಷ್ಟು ಜನರ ನಡುವೆ ಸರಸರ ನಡೆದು ಬಂದರು. ನನ್ನ ಎದುರು ನಿಂತು ಮುಖವನ್ನೇ ನೋಡಿದರು.

"ನೀನೂ ಏನವಾ?" ಎಂದರು. ಕುಂಕುಮದ ಭರಣಿ ಕುರ್ಚಿಯಲ್ಲೇ ಉಳಿದಿತ್ತು. ತಮ್ಮ ಹಣೆಗೆ ಬೆರಳು ಒತ್ತಿ, ಅದರಲ್ಲಿ ಬಂದಷ್ಟನ್ನು ನನ್ನ ಹಣೆಗೆ ಹಚ್ಚಿದರು. ಆ ಸಲ ಬೆಲ್ಲದ ಮಾತು ಎತ್ತಲಿಲ್ಲ.